ದೂರದ ವಿಮಾನಯಾನ: ನಕ್ಷೆಯ ದೂರ, ಗಡಿಯಾರದ ದೂರ, ದೇಹದ ದೂರ

ಪರಸ್ಥಳದಲ್ಲಿ ನೆಲಸಿದ ಕನ್ನಡಿಗನಿಗೆ ಪ್ರಯಾಣವೆಂಬುದು ಹೊಸದಲ್ಲ. ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ಸಂಸಾರ ಹೂಡಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಊರಿನ ಜಾತ್ರೆಗೋ ಮದುವೆಗೋ ರೈಲು ಹತ್ತಿದವರೇ. ಆದರೆ ಕಳೆದ ಕೆಲವು ದಶಕಗಳಿಂದ ಈ ಮನೆಗಳಲ್ಲಿ ಇನ್ನೊಂದು ಬಗೆಯ ಪ್ರಯಾಣವೂ ಸೇರಿಕೊಂಡಿದೆ. ತಂದೆ ಹಳ್ಳಿಯಿಂದ ಮಹಾನಗರಕ್ಕೆ ಬಂದರೆ, ಮಕ್ಕಳು ಮಹಾನಗರದಿಂದ ಅಮೆರಿಕೆಗೆ ಹೋದರು. ಈಗ ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ, ಸೊಸೆ ಮರಳಿ ಕೆಲಸಕ್ಕೆ ಸೇರುವಾಗ ಕೂಸನ್ನು ನೋಡಿಕೊಳ್ಳುವುದಕ್ಕೆ ಅರವತ್ತು ಎಪ್ಪತ್ತು ದಾಟಿದ ತಂದೆತಾಯಿಗಳು ಭೂಮಿಯ ಮತ್ತೊಂದು ಮಗ್ಗುಲಿಗೆ ಹಾರಬೇಕಾಗಿದೆ.

ಟಿಕೆಟು ಕೈಗೆ ಬಂದ ಕೂಡಲೇ ನೆಂಟರೂ ನೆರೆಯವರೂ ಕೇಳುವ ಪ್ರಶ್ನೆಗಳು ಎರಡು: ಎಷ್ಟು ದೂರ? ಎಷ್ಟು ಹೊತ್ತಿನ ದಾರಿ? ಈ ಎರಡಕ್ಕೂ ಉತ್ತರ ಸುಲಭವಾಗಿ ದೊರೆಯುತ್ತದೆ. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ವಿಮಾನ ನೆಲಕ್ಕಿಳಿದ ಮೇಲೆ ಪ್ರಯಾಣಿಕನ ದೇಹವು ಆ ಊರಿಗೆ ನಿಜವಾಗಿ ತಲುಪುವುದು ಎಂದು? ನಿದ್ರೆ, ಹಸಿವು, ಔಷಧಿ ಇವೆಲ್ಲ ಅಲ್ಲಿನ ಹಗಲುರಾತ್ರಿಗಳಿಗೆ ಹೊಂದಿಕೊಳ್ಳುವುದಕ್ಕೆ ಎಷ್ಟು ದಿನ ಬೇಕು? ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಹಿರಿಯರ ಮಟ್ಟಿಗೆ ಈ ಮೂರನೆಯ ಲೆಕ್ಕವೇ ಮುಖ್ಯವಾದುದು. ಇದನ್ನು ಅರಿಯಬೇಕಾದರೆ ಮೊದಲೆರಡು ಲೆಕ್ಕಗಳನ್ನೂ ಸರಿಯಾಗಿ ತಿಳಿದಿರಬೇಕು. ಉದಾಹರಣೆಗಾಗಿ ಬೆಂಗಳೂರು ಮತ್ತು ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಎರಡು ವಿಮಾನ ನಿಲ್ದಾಣಗಳನ್ನು ತೆಗೆದುಕೊಳ್ಳಬಹುದು. ಕನ್ನಡ ಕುಟುಂಬಗಳು ಇಂದು ಅತಿ ಹೆಚ್ಚಾಗಿ ಬಲ್ಲ ಅತಿ ದೂರದ ಜೋಡಿಗಳಲ್ಲಿ ಇದೂ ಒಂದು.

ದಾರ ಹಿಡಿದು ಅಳೆಯುವ ದೂರ

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ದಕ್ಷಿಣ ಚೀನಾ ಸಮುದ್ರ, ಪೆಸಿಫಿಕ್ ಮಹಾಸಾಗರಗಳನ್ನು ದಾಟಿ ಕ್ಯಾಲಿಫೋರ್ನಿಯವನ್ನು ಮುಟ್ಟುತ್ತದೆ. ನೋಡುವುದಕ್ಕೆ ಇದೇ ನೇರವಾದ ಹಾದಿ. ಆದರೆ ಭೂಮಿಯು ಭೂಪಟದಂತೆ ಚಪ್ಪಟೆಯಾಗಿಲ್ಲ. ಗುಂಡಗಿರುವ ವಸ್ತುವಿನ ಮೇಲಿನ ಎರಡು ಬಿಂದುಗಳ ನಡುವಣ ಅತಿ ಚಿಕ್ಕ ಹಾದಿಯನ್ನು ಕಾಣಬೇಕಾದರೆ ಮಕ್ಕಳ ಗ್ಲೋಬೊಂದನ್ನು ತೆಗೆದುಕೊಂಡು, ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು, ಮತ್ತೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯಬೇಕು. ಗ್ಲೋಬು ಇಲ್ಲದವರು ಒಂದು ದೊಡ್ಡ ಮೂಸಂಬಿಯಲ್ಲಿಯೂ ಈ ಪ್ರಯೋಗವನ್ನು ಮಾಡಿ ನೋಡಬಹುದು.

ಬಿಗಿದ ದಾರವು ಪೂರ್ವಕ್ಕೆ ಹೋಗದೆ ಹೆಚ್ಚುಕಡಿಮೆ ಉತ್ತರಕ್ಕೇ ಹೊರಡುತ್ತದೆ. ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯಗಳ ಮೇಲೆ ಹಾದು, ಸೈಬೀರಿಯದ ಉತ್ತರ ಕರಾವಳಿಯ ಬಳಿ 71ನೆಯ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿದು ಕ್ಯಾಲಿಫೋರ್ನಿಯವನ್ನು ಸೇರುತ್ತದೆ. ಈ ಬಗೆಯ ಹಾದಿಗೆ ಮಹಾವೃತ್ತದ ಹಾದಿ ಎಂದು ಹೆಸರು. ಇದರ ಉದ್ದ ಸುಮಾರು 14,000 ಕಿಲೋಮೀಟರು. ಭೂಪಟದ ಮೇಲೆ ನೇರವಾಗಿ ಕಾಣುವ ಪೂರ್ವದ ಹಾದಿಯಾದರೋ ಸುಮಾರು 16,100 ಕಿಲೋಮೀಟರು. ಕಣ್ಣಿಗೆ ಬಾಗಿದಂತೆ ತೋರುವ ಹಾದಿಯೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹತ್ತಿರ!

ಮನೆಯಲ್ಲಿಯೇ ಮಾಡಬಹುದಾದ ಇನ್ನೊಂದು ಲೆಕ್ಕವೂ ಇದೆ. ಅಕ್ಷಾಂಶದ ಒಂದು ಡಿಗ್ರಿಯೆಂದರೆ ಸುಮಾರು 111 ಕಿಲೋಮೀಟರು. ಬೆಂಗಳೂರಿನ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2 ಡಿಗ್ರಿಯಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿಯಲ್ಲಿಯೂ ಇವೆ. ಬೆಂಗಳೂರಿನಿಂದ ಉತ್ತರ ಧ್ರುವಕ್ಕೆ 76.8 ಡಿಗ್ರಿ; ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 52.4 ಡಿಗ್ರಿ. ಎರಡನ್ನೂ ಕೂಡಿಸಿದರೆ 129.2 ಡಿಗ್ರಿ. ಇದನ್ನು 111ರಿಂದ ಗುಣಿಸಿದರೆ ಸುಮಾರು 14,340 ಕಿಲೋಮೀಟರು ಬರುತ್ತದೆ. ಎಂದರೆ ಧ್ರುವದ ನೆತ್ತಿಯ ಮೇಲೆಯೇ ಹಾರಿಹೋದರೂ ಅತಿ ಚಿಕ್ಕ ಹಾದಿಗಿಂತ ಸುಮಾರು 350 ಕಿಲೋಮೀಟರಷ್ಟೇ ಹೆಚ್ಚು.

ಇದೇ ರೀತಿ ಮುಂಬಯಿಯಿಂದ ನ್ಯೂಯಾರ್ಕಿಗೆ ಮಹಾವೃತ್ತದ ದೂರ ಸುಮಾರು 12,500 ಕಿಲೋಮೀಟರು; ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 12,400 ಕಿಲೋಮೀಟರು.

ವಿಮಾನ ದಾರದ ಮೇಲೆಯೇ ಹಾರುವುದಿಲ್ಲ

ದಾರದ ಹಾದಿ ಗಣಿತದ ಹಾದಿ. ವಿಮಾನವು ಅದಕ್ಕೆ ಆದಷ್ಟು ಹತ್ತಿರವಾಗಿ ಹಾರಲು ಯತ್ನಿಸುತ್ತದೆಯೇ ಹೊರತು ಅದರ ಮೇಲೆಯೇ ಹಾರುವುದು ಅಪರೂಪ. ಅದಕ್ಕೆ ಕಾರಣಗಳು ಹಲವು.

ಮೊದಲನೆಯದು ಪರ್ವತ. ವಿಮಾನದ ಒಳಗಣ ಗಾಳಿಯ ಒತ್ತಡ ಹಠಾತ್ತಾಗಿ ತಗ್ಗಿದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡುವಂತಾಗಲು ಚಾಲಕನು ಸುಮಾರು 10,000 ಅಡಿಗಳ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟಿನ ಪ್ರಸ್ಥಭೂಮಿಯ ನೆಲವೇ ಸರಾಸರಿ 14,000 ಅಡಿಗಿಂತ ಎತ್ತರದಲ್ಲಿದೆ. ಇಳಿಯಲು ಎಡೆಯಿಲ್ಲದ ಕಡೆ ಹಾರುವುದು ಅಪಾಯಕರವಾದುದರಿಂದ ವಿಮಾನಗಳು ಈ ಪ್ರದೇಶವನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ.

ಎರಡನೆಯದು ರಾಜಕೀಯ. ಪ್ರತಿಯೊಂದು ದೇಶದ ನೆಲದಂತೆ ಅದರ ಮೇಲಿನ ಆಕಾಶವೂ ಅದರದೇ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. 2025ರ ಏಪ್ರಿಲಿನಲ್ಲಿ ಮತ್ತೆ ಮುಚ್ಚಿತು. ಆಗ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಅವುಗಳಲ್ಲಿ ಕೆಲವು ಇಂಧನಕ್ಕಾಗಿ ನಡುದಾರಿಯಲ್ಲಿ ಇಳಿಯಬೇಕಾಯಿತು.

ಮೂರನೆಯದು ಸುರಕ್ಷತೆ. ಎರಡು ಎಂಜಿನುಗಳ ವಿಮಾನವು, ಒಂದು ಎಂಜಿನು ಕೆಟ್ಟರೂ ನಿಯಮಿತ ಅವಧಿಯೊಳಗೆ ತಲುಪಬಹುದಾದ ಯಾವುದಾದರೂ ನಿಲ್ದಾಣದ ಸಮೀಪದಲ್ಲಿಯೇ ಇರಬೇಕೆಂಬ ನಿಯಮವಿದೆ. ಈ ನಿಯಮದ ಬೆಲೆ 2023ರ ಜೂನ್ ತಿಂಗಳಲ್ಲಿ ಕಂಡುಬಂದಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಎಂಜಿನಿನ ತೊಂದರೆಯಿಂದಾಗಿ ರಷ್ಯದ ಪೂರ್ವ ತುದಿಯ ಮಗದಾನ್ ಎಂಬಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಿಕರು ಮುಂದಕ್ಕೆ ಹೊರಟದ್ದು ಬೇರೊಂದು ವಿಮಾನ ಬಂದ ಮೇಲೆ. ಅಂದು ಕೈಚೀಲದಲ್ಲಿ ಎರಡು ಮೂರು ದಿನಗಳ ಔಷಧಿಯನ್ನು ಇರಿಸಿಕೊಂಡಿದ್ದವರ ಚಿಂತೆ ಉಳಿದವರಿಗಿಂತ ಕಡಿಮೆಯಾಗಿದ್ದಿರಬೇಕು.

ಗಾಳಿಯ ಪಾಲು

ದೂರವನ್ನು ವೇಗದಿಂದ ಭಾಗಿಸಿದರೆ ವೇಳೆ ದೊರೆಯುತ್ತದೆಂದು ಶಾಲೆಯ ಹುಡುಗನೂ ಬಲ್ಲ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರು. 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆಗಳಾಗಬೇಕು. ವಾಸ್ತವವಾಗಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಲ್ಲಿಯೂ ನಿಲ್ಲದೆ ಹೋಗುವುದಕ್ಕೆ ಹದಿನಾರು ಗಂಟೆಗಳಷ್ಟೂ, ಹಿಂದಿರುಗುವುದಕ್ಕೆ ಹದಿನೇಳು ಗಂಟೆಗಳಷ್ಟೂ ಹಿಡಿಯುತ್ತದೆ. ಹೋಗುವ ದೂರವೂ ಬರುವ ದೂರವೂ ಒಂದೇ ಆಗಿರುವಾಗ ವೇಳೆಯಲ್ಲಿ ವ್ಯತ್ಯಾಸವೇಕೆ?

ಭೂಮಿ ತಿರುಗುವುದರಿಂದ ಎಂದು ಅನೇಕರು ತಿಳಿಯುತ್ತಾರೆ. ಸಮಭಾಜಕ ವೃತ್ತದಲ್ಲಿ ಭೂಮಿಯು ಗಂಟೆಗೆ ಸುಮಾರು 1,670 ಕಿಲೋಮೀಟರಿನಂತೆ ಪೂರ್ವಕ್ಕೆ ತಿರುಗುತ್ತಿದೆ. ಹಾಗಾದರೆ ವಿಮಾನವು ಮೇಲಕ್ಕೇರಿ ಸುಮ್ಮನೆ ನಿಂತರೆ ಅಮೆರಿಕವೇ ಅದರ ಕೆಳಗೆ ಬಂದು ನಿಲ್ಲಬೇಕಲ್ಲವೆ ಎಂದು ಚುರುಕಾದ ಮಕ್ಕಳು ಕೇಳುವುದುಂಟು. ಹಾಗಾಗುವುದಿಲ್ಲ, ಏಕೆಂದರೆ ಭೂಮಿಯೊಡನೆ ಅದನ್ನು ಆವರಿಸಿರುವ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿರುತ್ತವೆ. ಓಡುತ್ತಿರುವ ರೈಲಿನ ಡಬ್ಬಿಯಲ್ಲಿ ಕುಳಿತವನು ಚೆಂಡನ್ನು ನೇರವಾಗಿ ಮೇಲಕ್ಕೆಸೆದರೆ ಅದು ಅವನ ಕೈಗೇ ಮರಳುತ್ತದೆ, ಹಿಂದಿನ ಬೆಂಚಿಗೆ ಹೋಗಿ ಬೀಳುವುದಿಲ್ಲ. ವಿಮಾನಕ್ಕೂ ಇದೇ ನ್ಯಾಯ.

ವ್ಯತ್ಯಾಸಕ್ಕೆ ನಿಜವಾದ ಕಾರಣ ಗಾಳಿಯ ಸ್ವಂತ ಓಟ. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರುಗಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಪ್ರಬಲವಾದ ವಾಯುಪ್ರವಾಹಗಳಿವೆ. ಇವಕ್ಕೆ ಜೆಟ್ ಪ್ರವಾಹಗಳೆಂದು ಹೆಸರು. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದು ಸಾಮಾನ್ಯ. ಜಪಾನಿನ ಹವಾಶಾಸ್ತ್ರಜ್ಞ ವಾಸಾಬುರೋ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಇವನ್ನು ಅಳೆದಿದ್ದರು. ಆದರೆ ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದುದರಿಂದ ಹೊರಗಿನವರ ಗಮನಕ್ಕೆ ಅದು ಹೆಚ್ಚಾಗಿ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಜಪಾನಿನ ಮೇಲೆ ಬಹು ಎತ್ತರದಲ್ಲಿ ಹಾರಿದಾಗ ಈ ಗಾಳಿಯ ಬಲ ಎಲ್ಲರಿಗೂ ತಿಳಿಯಿತು.

ಪ್ರವಾಹದೊಡನೆ ಹೋಗುವ ದೋಣಿಗೂ ಅದರ ಎದುರು ಹೋಗುವ ದೋಣಿಗೂ ಇರುವ ಅಂತರವೇ ಇಲ್ಲಿಯೂ ಇದೆ. ಇದಕ್ಕೆ ಒಳ್ಳೆಯ ನಿದರ್ಶನ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಣ ಏರ್ ಇಂಡಿಯ ವಿಮಾನ. 2015ರ ಡಿಸೆಂಬರಿನಲ್ಲಿ ಈ ಸೇವೆ ಆರಂಭವಾದಾಗ ವಿಮಾನವು ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿತ್ತು. ಆ ಹಾದಿ ಸುಮಾರು 13,900 ಕಿಲೋಮೀಟರು. ಹಿಡಿಯುತ್ತಿದ್ದ ವೇಳೆ ಹದಿನಾರು ಗಂಟೆಗೂ ಮೇಲೆ. 2016ರ ಅಕ್ಟೋಬರಿನಲ್ಲಿ ಅದೇ ವಿಮಾನವನ್ನು ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಕಳುಹಿಸಲಾಯಿತು. ದೂರ ಸುಮಾರು 15,300 ಕಿಲೋಮೀಟರಿಗೆ ಏರಿತು. ವೇಳೆಯಾದರೋ ಸುಮಾರು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. 1,400 ಕಿಲೋಮೀಟರು ಹೆಚ್ಚು ಹಾರಿದರೂ ಬೆನ್ನಿನ ಗಾಳಿಯ ಬಲದಿಂದ ಬೇಗನೆ ತಲುಪುವುದು ಸಾಧ್ಯವಾಯಿತು. ಹತ್ತಿರದ ಹಾದಿಯೇ ಬೇಗನೆ ಮುಟ್ಟಿಸುವ ಹಾದಿಯಾಗಿರಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಣೆಯಾದ ದಿನ

ಇನ್ನು ಗಡಿಯಾರದ ಮಾತು. 2021ರ ಜನವರಿ 9ರಂದು ರಾತ್ರಿ ಏರ್ ಇಂಡಿಯ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟಿತು. ಈ ಎರಡು ನಗರಗಳ ನಡುವೆ ಎಲ್ಲಿಯೂ ನಿಲ್ಲದೆ ಹಾರುವ ಸೇವೆಯ ಆರಂಭ ಅದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರೇ ನಡೆಸಿದ ಆ ವಿಮಾನವು ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ, ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ್ದು ಸುಮಾರು ಹದಿನೇಳು ಗಂಟೆ. ಆದರೆ ಪ್ರಯಾಣಿಕರ ಪಾಲಿಗೆ ಜನವರಿ 10ನೆಯ ತಾರೀಕು ಪೂರ್ತಿಯಾಗಿ ಆಕಾಶದಲ್ಲಿಯೇ ಕಳೆದುಹೋಯಿತು.

ಬೆಂಗಳೂರಿನಿಂದ ಹೋಗುವಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಎರಡೂವರೆಗೆ ಹೊರಟವರು ಹದಿನಾರು ಗಂಟೆ ಹಾರಿದ ಮೇಲೂ ಅದೇ ದಿನ ಸಂಜೆ ಐದು ಗಂಟೆಯ ಹೊತ್ತಿಗೆ ಇಳಿಯುತ್ತಾರೆ. ಭಾರತದ ಗಡಿಯಾರಕ್ಕಿಂತ ಕ್ಯಾಲಿಫೋರ್ನಿಯದ ಗಡಿಯಾರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಬೇಸಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಆ ತಿಂಗಳುಗಳಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಟಿಕೆಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ, ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ಅಚ್ಚುಮಾಡಿರುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದು ‘ಎರಡೂವರೆ ಗಂಟೆಯ ದಾರಿ’ ಎಂದು ತಿಳಿದರೆ ನಗೆಪಾಟಲು. ಪ್ರಯಾಣದ ನಿಜವಾದ ಅವಧಿಯನ್ನು ತಿಳಿಯಬೇಕಾದರೆ ಎರಡನ್ನೂ ಒಂದೇ ಗಡಿಯಾರಕ್ಕೆ ತರಬೇಕು. ನಡುವೆ ಇನ್ನೊಂದು ನಗರದಲ್ಲಿ ವಿಮಾನ ಬದಲಿಸುವವರು ಅಲ್ಲಿ ಕಾಯುವ ಹೊತ್ತನ್ನೂ ಕೂಡಿಸಿಕೊಳ್ಳಬೇಕು. ಮನೆಯ ಬಾಗಿಲಿನಿಂದ ಬಾಗಿಲಿಗೆ ಲೆಕ್ಕಹಾಕಿದರೆ ಅದು ಒಂದು ಹಗಲು ಒಂದು ರಾತ್ರಿಯನ್ನು ಸುಲಭವಾಗಿ ಮೀರುತ್ತದೆ.

ಹಡಗಿನ ಕಾಲದಲ್ಲಿ ಇಲ್ಲದಿದ್ದ ಕಾಯಿಲೆ

ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದರೂ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ. ಮೈಕೈ ನೋಯುತ್ತದೆ ನಿಜ. ಆದರೆ ಒಂದು ಬಿಸಿನೀರಿನ ಸ್ನಾನ, ಒಂದು ರಾತ್ರಿಯ ನಿದ್ರೆಯಾದರೆ ಆಯಾಸವೆಲ್ಲ ಮಾಯ. ಅಷ್ಟೇ ಹೊತ್ತು ಕುಳಿತು ಅಮೆರಿಕೆಗೆ ಹೋದವರು ಮಾತ್ರ ವಾರ ಕಳೆದರೂ ನಡುರಾತ್ರಿಯಲ್ಲಿ ಎದ್ದು ಕುಳಿತಿರುತ್ತಾರೆ. ಆದುದರಿಂದ ಈ ತೊಂದರೆಯ ಮೂಲ ದೂರವೂ ಅಲ್ಲ, ಕುಳಿತ ಹೊತ್ತೂ ಅಲ್ಲ.

ಹಿಂದೆ ಮುಂಬಯಿಯ ಬಲ್ಲಾರ್ಡ್ ಪಿಯರಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಓದಲು ಹೋಗುತ್ತಿದ್ದವರಿಗೆ ಎರಡು ಮೂರು ವಾರಗಳ ಪ್ರಯಾಣ. ಭಾರತಕ್ಕೂ ಇಂಗ್ಲೆಂಡಿಗೂ ವೇಳೆಯಲ್ಲಿ ಐದೂವರೆ ಗಂಟೆಗಳ ಅಂತರ. ಹಡಗು ಪಶ್ಚಿಮಕ್ಕೆ ಸಾಗಿದಂತೆಲ್ಲ ಗಡಿಯಾರವನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತಿರುಗಿಸುತ್ತಿದ್ದರು. ದಿನವೊಂದಕ್ಕೆ ಸರಾಸರಿ ಕಾಲು ಗಂಟೆ. ಅಷ್ಟನ್ನು ದೇಹವು ಅರಿವಿಲ್ಲದೆಯೇ ಅರಗಿಸಿಕೊಳ್ಳುತ್ತಿತ್ತು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನನ್ನು ಸೇರಿದಾಗ ವಾರಗಳ ಪ್ರಯಾಣ ದಿನದ ಲೆಕ್ಕಕ್ಕೆ ಇಳಿಯಿತು. 1960ರಲ್ಲಿ ಏರ್ ಇಂಡಿಯದ ಬೋಯಿಂಗ್ 707 ಜೆಟ್ ವಿಮಾನಗಳು ನ್ಯೂಯಾರ್ಕಿನವರೆಗೆ ಹಾರತೊಡಗಿದವು. ಜೆಟ್ ವಿಮಾನಗಳು ಬಳಕೆಗೆ ಬಂದ ಆ ದಶಕದಲ್ಲಿಯೇ ‘ಜೆಟ್ ಲ್ಯಾಗ್’ ಎಂಬ ಮಾತೂ ಹುಟ್ಟಿಕೊಂಡಿತು. ವಿಮಾನದ ವೇಗ ಹೆಚ್ಚಿತು. ದೇಹದ ವೇಗ ಹಡಗಿನ ಕಾಲದಲ್ಲಿ ಇದ್ದಷ್ಟೇ ಉಳಿಯಿತು.

ತಲೆಯೊಳಗಣ ಗಡಿಯಾರ

ಮನುಷ್ಯನ ಮೆದುಳಿನ ಕೆಳಭಾಗದಲ್ಲಿ, ಎರಡು ಕಣ್ಣುಗಳ ನರಗಳೂ ಕೂಡುವ ಎಡೆಯ ಮೇಲೆ, ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ದೇಹದ ಮುಖ್ಯ ಗಡಿಯಾರ ಇದೇ. ನಿದ್ರೆ ಯಾವಾಗ ಬರಬೇಕು, ಮೈಯ ಕಾವು ಯಾವಾಗ ಇಳಿಯಬೇಕು, ಯಾವ ಹಾರ್ಮೋನು ಯಾವ ಹೊತ್ತಿನಲ್ಲಿ ಸ್ರವಿಸಬೇಕು ಎಂಬುದನ್ನೆಲ್ಲ ಇದು ನಿಯಂತ್ರಿಸುತ್ತದೆ. ಜಠರ, ಯಕೃತ್ತು ಮೊದಲಾದ ಅಂಗಗಳಿಗೂ ತಮ್ಮದೇ ಆದ ಸಣ್ಣ ಗಡಿಯಾರಗಳಿವೆ. ಇಂತಹ ಗಡಿಯಾರವು ಜೀವಕೋಶದೊಳಗೆ ನಡೆಯುವ ಬಗೆಯನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಈ ಗಡಿಯಾರಕ್ಕೆ ಸರಿಯಾದ ವೇಳೆಯನ್ನು ತಿಳಿಸುವುದು ಮುಖ್ಯವಾಗಿ ಸೂರ್ಯನ ಬೆಳಕು. ಬೆಳಕು ಬದಲಾದರೆ ಅದು ತನ್ನನ್ನು ತಿದ್ದಿಕೊಳ್ಳುತ್ತದೆ. ಆದರೆ ದಿನಕ್ಕೆ ಒಂದು ಅಥವಾ ಒಂದೂವರೆ ಗಂಟೆಯಷ್ಟು ಮಾತ್ರ. ಹನ್ನೆರಡು ಹದಿಮೂರು ಗಂಟೆಗಳ ಅಂತರವನ್ನು ತುಂಬಿಕೊಳ್ಳಲು ಒಂದು ವಾರದಿಂದ ಹತ್ತು ಹನ್ನೆರಡು ದಿನಗಳವರೆಗೆ ಬೇಕಾಗುವುದು ಈ ಕಾರಣದಿಂದಲೇ. ಈ ಗಡಿಯಾರದ ಸಹಜವಾದ ಸುತ್ತು ಇಪ್ಪತ್ತನಾಲ್ಕು ಗಂಟೆಗಿಂತ ಕೊಂಚ ಹೆಚ್ಚು. ಆದುದರಿಂದ ತಡವಾಗಿ ಮಲಗುವುದು ಅದಕ್ಕೆ ಸುಲಭ, ಬೇಗನೆ ಮಲಗುವುದು ಕಷ್ಟ. ಯೂರೋಪಿನಂತಹ ಮಧ್ಯಮ ದೂರದ ಪ್ರಯಾಣಗಳಲ್ಲಿ ಪಶ್ಚಿಮಕ್ಕೆ ಹೋಗುವಾಗ ಕಡಿಮೆ, ಪೂರ್ವಕ್ಕೆ ಮರಳುವಾಗ ಹೆಚ್ಚು ತೊಂದರೆಯೆನಿಸುವುದು ಇದರಿಂದ.

ಕ್ಯಾಲಿಫೋರ್ನಿಯದಲ್ಲಿ ಹಗಲೆಂದರೆ ಭಾರತದಲ್ಲಿ ರಾತ್ರಿ. ಅಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಮಗ ಊರು ತೋರಿಸುತ್ತೇನೆಂದು ಕಾರಿನಲ್ಲಿ ಕೂರಿಸಿದರೆ, ತಂದೆಯ ದೇಹದಲ್ಲಿ ಬೆಳಗಿನ ಜಾವದ ಗಾಢನಿದ್ರೆಯ ಹೊತ್ತು. ಎಲ್ಲರೂ ಮಲಗಿದ ನಡುರಾತ್ರಿಯಲ್ಲಿ ಅವರ ಜಠರವು ಊಟವನ್ನು ಕೇಳುತ್ತದೆ. ತಲೆಭಾರ, ಮಲಬದ್ಧತೆ, ಸಿಡುಕು, ಮರೆವು ಇವೆಲ್ಲ ಈ ತಾಳತಪ್ಪಿನ ಫಲಗಳು. ಮೊದಲ ದಿನಗಳಲ್ಲಿ ಹಿರಿಯರು ರಾತ್ರಿ ಎದ್ದು, ಹೊಸ ಮನೆಯ ಮೆಟ್ಟಿಲುಗಳ ಪರಿಚಯವಿಲ್ಲದೆ, ಕತ್ತಲಲ್ಲಿ ಎಡವಿ ಬೀಳುವ ಸಂಭವವೂ ಇಲ್ಲದಿಲ್ಲ. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪವನ್ನು ಉರಿಸಿಡುವುದು ಚಿಕ್ಕ ಮಾತು. ಅದರ ಪ್ರಯೋಜನ ದೊಡ್ಡದು.

ಆಕಾಶದಲ್ಲಿ ಕುಳಿತ ದೇಹ

ಇದು ತಲುಪಿದ ಮೇಲಿನ ಮಾತು. ಹಾರುತ್ತಿರುವಾಗಲೂ ದೇಹಕ್ಕೆ ಕೆಲವು ಪರೀಕ್ಷೆಗಳಿವೆ.

ವಿಮಾನವು 35,000 ಅಡಿಗಳ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿಗಳ ಎತ್ತರದಲ್ಲಿರುವಷ್ಟು ಕಾಪಾಡುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಹದಿನಾರು ಗಂಟೆಗಳ ಕಾಲ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ, ಕೆಲವೊಮ್ಮೆ ಅದಕ್ಕಿಂತಲೂ ಮೇಲೆ, ಕುಳಿತಂತೆಯೇ ಇದು. ಆರೋಗ್ಯವಂತರಿಗೆ ಇದರ ಅರಿವೂ ಆಗುವುದಿಲ್ಲ. ಆದರೆ ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿರುವವರಿಗೆ, ರಕ್ತಹೀನತೆಯಿಂದ ಬಳಲುವವರಿಗೆ ಆಮ್ಲಜನಕದ ಈ ಸಣ್ಣ ಕೊರತೆಯೂ ದೊಡ್ಡದಾಗಬಹುದು. ಮನೆಯಲ್ಲಿ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವವರು ಟಿಕೆಟು ಕೊಳ್ಳುವ ಮೊದಲೇ ವೈದ್ಯರನ್ನು ಕಾಣುವುದು ಲೇಸು. ಒತ್ತಡ ತಗ್ಗಿದಾಗ ದೇಹದೊಳಗಣ ವಾಯು ಮೂರನೆಯ ಒಂದು ಪಾಲಿನಷ್ಟು ಹಿಗ್ಗಬಲ್ಲುದು. ಆದುದರಿಂದ ಹೊಟ್ಟೆಯ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಈಚೆಗೆ ಆಗಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಹಾರಬಾರದು. ವಾಯು ಹೆಚ್ಚಿಸುವ ಕಾಳುಬೇಳೆಗಳ ಊಟವನ್ನು ಹೊರಡುವ ದಿನ ಮಿತಗೊಳಿಸುವುದು ಹಿತ.

ವಿಮಾನದೊಳಗಿನ ಗಾಳಿ ಬಹಳ ಒಣಗಾಳಿ. ಮುಂಬಯಿ, ಚೆನ್ನೈಗಳ ತೇವದ ಹವೆಗೆ ಒಗ್ಗಿದವರಿಗೆ ಗಂಟಲು, ಮೂಗು, ಕಣ್ಣು ಬೇಗನೆ ಒಣಗುತ್ತವೆ. ಶೌಚಕ್ಕೆ ಪದೇಪದೇ ಏಳಬೇಕಾಗುತ್ತದೆಂಬ ಸಂಕೋಚದಿಂದ ಹಿರಿಯರು, ಅದರಲ್ಲಿಯೂ ಹೆಂಗಸರು, ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ಸರಿಯಲ್ಲ. ನಡುಹಾದಿಯ ಪಕ್ಕದ ಆಸನವನ್ನು ಮೊದಲೇ ಕೇಳಿ ಪಡೆದರೆ ಈ ಸಂಕೋಚಕ್ಕೆ ಎಡೆಯೇ ಇರುವುದಿಲ್ಲ.

ಮೂರನೆಯದು ಕಾಲಿನ ಮಾತು. ಗಂಟೆಗಟ್ಟಲೆ ಅಲುಗಾಡದೆ ಕುಳಿತರೆ ಮೀನಖಂಡದ ಒಳರಕ್ತನಾಳಗಳಲ್ಲಿ ರಕ್ತ ನಿಧಾನಗೊಂಡು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಲ್ಕು ಗಂಟೆಗೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಆದರೂ ಅದು 6,000 ಮಂದಿಯಲ್ಲಿ ಒಬ್ಬರಿಗೆ ಎಂಬ ಪ್ರಮಾಣದಲ್ಲಿದೆಯಾಗಿ ಸಾಮಾನ್ಯರು ಹೆದರಬೇಕಾಗಿಲ್ಲ. ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ತೀರ ಸ್ಥೂಲಕಾಯರು ಮುಂಜಾಗ್ರತೆ ವಹಿಸಬೇಕು. ಗಂಟೆಗೊಮ್ಮೆ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಎಲ್ಲರಿಗೂ ಸಾಧ್ಯವಾದ ಉಪಾಯಗಳು. ಬಿಗಿ ಕಾಲುಚೀಲ, ರಕ್ತ ತೆಳುಮಾಡುವ ಮಾತ್ರೆ ಇವುಗಳನ್ನು ವೈದ್ಯರು ಹೇಳಿದರೆ ಮಾತ್ರ ಉಪಯೋಗಿಸಬೇಕು. ಪ್ರಯಾಣದ ತರುವಾಯ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಅಥವಾ ಹಠಾತ್ತಾಗಿ ಎದೆನೋವು, ಉಬ್ಬಸ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಔಷಧಿಗೆ ಯಾವ ಗಡಿಯಾರ?

‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ವಿಮಾನದಲ್ಲಿ ಯಾವ ಬೆಳಿಗ್ಗೆ, ಯಾವ ರಾತ್ರಿ ನುಂಗಬೇಕು? ಹೊರಟ ದಿನವೇ ಸಂಜೆ ತಲುಪುವ ಪ್ರಯಾಣದಲ್ಲಿ ಆ ದಿನವು ಮೂವತ್ತೇಳು ಗಂಟೆಗಳಷ್ಟು ಉದ್ದವಾಗಿರುತ್ತದೆ. ಮರಳುವಾಗ ಒಂದು ದಿನವೇ ಕಾಣೆಯಾಗಿರುತ್ತದೆ. ಕೈಗಡಿಯಾರವನ್ನು ನಂಬಿ ನಡೆದರೆ ಒಂದು ಕಡೆ ಮಾತ್ರೆ ತಪ್ಪುತ್ತದೆ, ಇನ್ನೊಂದು ಕಡೆ ಎರಡು ಮಾತ್ರೆಗಳು ಒಟ್ಟೊಟ್ಟಿಗೆ ಬೀಳುತ್ತವೆ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದು ಬಹು ಗಂಭೀರವಾದ ವಿಷಯ. ಉದ್ದವಾದ ದಿನದಲ್ಲಿ ಇನ್ಸುಲಿನ್ ಸಾಲದೆ ಸಕ್ಕರೆ ಏರಬಹುದು. ಮೊಟಕಾದ ದಿನದಲ್ಲಿ ಹೆಚ್ಚಾಗಿ ಸಕ್ಕರೆ ತೀರ ಇಳಿದು ಎಚ್ಚರ ತಪ್ಪಬಹುದು. ಇದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಸೂತ್ರವಿಲ್ಲ. ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಟಿಕೆಟನ್ನು ವೈದ್ಯರಿಗೆ ತೋರಿಸಿ, ‘ಹೊರಟ ಎಷ್ಟು ಗಂಟೆಯ ಮೇಲೆ ಯಾವ ಔಷಧಿ, ಎಷ್ಟು’ ಎಂಬುದನ್ನು ಬರೆಸಿಕೊಳ್ಳಬೇಕು. ಸ್ವಂತ ಬುದ್ಧಿಯಿಂದ ಪ್ರಮಾಣವನ್ನು ಬದಲಿಸಬಾರದು. ಇನ್ಸುಲಿನ್ನನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದ ಹೊಟ್ಟೆಗೆ ಕಳುಹಿಸಬಾರದು. ಅಲ್ಲಿನ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆ ಬೇರೆ ಊರಿಗೂ ಹೋಗಬಹುದು. ಔಷಧಿಗಳೆಲ್ಲ ಕೈಚೀಲದಲ್ಲಿರಲಿ. ವ್ಯಾಪಾರದ ಹೆಸರಿನೊಡನೆ ಮೂಲ ಔಷಧದ ಹೆಸರನ್ನೂ ತಿಳಿಸುವ ವೈದ್ಯರ ಚೀಟಿ ಜೊತೆಗಿರಲಿ. ಭಾರತದಲ್ಲಿ ಮಾರುವ ಹೆಸರುಗಳು ಅಮೆರಿಕದ ಔಷಧಿ ಅಂಗಡಿಯವರಿಗೆ ತಿಳಿದಿರುವುದಿಲ್ಲ. ಅಲ್ಲಿನ ಚಿಕಿತ್ಸೆ ಅತಿ ದುಬಾರಿಯಾದುದರಿಂದ, ಈಗಾಗಲೇ ಇರುವ ಕಾಯಿಲೆಗಳಿಗೂ ಅನ್ವಯಿಸುವ ವಿಮೆಯನ್ನು ಷರತ್ತುಗಳನ್ನು ಓದಿ ನೋಡಿಯೇ ಕೊಳ್ಳಬೇಕು.

ಮೂರನೆಯ ದೂರವನ್ನು ಕ್ರಮಿಸುವ ಬಗೆ

ದೇಹದ ಗಡಿಯಾರವನ್ನು ಬಲವಂತದಿಂದ ತಿರುಗಿಸುವ ಉಪಾಯವಿಲ್ಲ. ಅದಕ್ಕೆ ನೆರವಾಗುವ ಮಾರ್ಗಗಳಿವೆ. ತಲುಪಿದ ಊರಿನ ಹಗಲಿನಲ್ಲಿ ಮನೆಯ ಹೊರಗೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ಅಡ್ಡಾಡಬೇಕು. ಊಟವನ್ನು ಮೊದಲ ದಿನದಿಂದಲೇ ಅಲ್ಲಿನ ವೇಳೆಗೆ, ಲಘುವಾಗಿ ಮಾಡಬೇಕು. ಹಗಲಿನಲ್ಲಿ ನಿದ್ರೆ ತಡೆಯಲಾಗದಿದ್ದರೆ ಅರ್ಧ ಗಂಟೆ ಮಲಗಿ ಏಳಬಹುದು. ಮೂರು ನಾಲ್ಕು ಗಂಟೆ ಮಲಗಿದರೆ ರಾತ್ರಿಯ ನಿದ್ರೆ ಮತ್ತಷ್ಟು ದೂರವಾಗುತ್ತದೆ. ಮಧ್ಯಾಹ್ನದ ಮೇಲೆ ಕಾಫಿಯನ್ನು ಬಿಡುವುದು ಕನ್ನಡಿಗರಿಗೆ ಕಷ್ಟವಾದರೂ ಕೆಲವು ದಿನ ಬಿಡಬೇಕು. ನಿದ್ರೆಯ ಮಾತ್ರೆಯನ್ನಾಗಲಿ, ಅಮೆರಿಕದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ದೊರೆಯುವ ಮೆಲಟೋನಿನ್ ಮಾತ್ರೆಯನ್ನಾಗಲಿ ಬೇರೆ ಔಷಧಿಗಳನ್ನು ಸೇವಿಸುವ ಹಿರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ನಿಲ್ದಾಣಗಳಲ್ಲಿ ಗಾಲಿಕುರ್ಚಿಯ ಸೌಲಭ್ಯವನ್ನು ಮೊದಲೇ ಕೇಳಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ದೊಡ್ಡ ನಿಲ್ದಾಣಗಳಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವಾಗ ಮೈಲಿಗಟ್ಟಲೆ ನಡೆಯಬೇಕಾಗುವುದುಂಟು.

ಕಡೆಯದಾಗಿ ಮಕ್ಕಳು ತಿಳಿಯಬೇಕಾದ ಮಾತೊಂದಿದೆ. ಬಾಣಂತನಕ್ಕೆಂದು ಬರುವ ತಾಯಿಯ ಟಿಕೆಟನ್ನು ಹೆರಿಗೆಯ ದಿನಕ್ಕೆ ಹೊಂದಿಸಿ ತೆಗೆಯುವುದು ವಾಡಿಕೆ. ಆಕೆ ಸಂಜೆ ಬಂದಿಳಿದು ರಾತ್ರಿಯಿಂದಲೇ ಕೂಸನ್ನು ಎತ್ತಿಕೊಳ್ಳುತ್ತಾಳೆ, ಬೆಳಿಗ್ಗೆ ಎದ್ದು ಒಲೆಯ ಮುಂದೆ ನಿಲ್ಲುತ್ತಾಳೆ. ‘ಆಯಾಸವೇ?’ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ತಾಯಂದಿರು ಹಾಗೆನ್ನುವುದೇ ಸರಿ. ಆದರೆ ಆಕೆಯ ದೇಹ ಇನ್ನೂ ದಾರಿಯಲ್ಲಿದೆ. ಆ ದಿನಗಳಲ್ಲಿ ಮಾತ್ರೆ ತಪ್ಪುತ್ತದೆ, ಕೈ ಸುಡುತ್ತದೆ, ಕಾಲು ಜಾರುತ್ತದೆ. ಸಾಧ್ಯವಿದ್ದರೆ ಟಿಕೆಟನ್ನು ಹತ್ತು ಹನ್ನೆರಡು ದಿನ ಮುಂಚಿತವಾಗಿ ತೆಗೆಯಬೇಕು. ಸಾಧ್ಯವಿಲ್ಲದಿದ್ದರೆ ಮೊದಲ ಒಂದು ವಾರ ಆಕೆಗೆ ರಾತ್ರಿಯ ಕೆಲಸವನ್ನೂ ಒಂಟಿಯಾಗಿ ಕೂಸನ್ನು ನೋಡಿಕೊಳ್ಳುವ ಹೊಣೆಯನ್ನೂ ಒಪ್ಪಿಸದಿರಬೇಕು. ಹಿಂದಿರುಗಿ ಬಂದ ತಂದೆತಾಯಿಗಳಿಗೂ ಊರಿನ ಬಂಧುಗಳು ಇಷ್ಟೇ ಬಿಡುವನ್ನು ಕೊಡಬೇಕು. ಇಳಿದ ಮರುದಿನವೇ ಮದುವೆಯ ಮನೆಗೆ ಕರೆಯಬಾರದು.

ಹದಿನಾಲ್ಕು ಸಾವಿರ ಕಿಲೋಮೀಟರುಗಳನ್ನು ವಿಮಾನವು ಹದಿನಾರು ಗಂಟೆಗಳಲ್ಲಿ ದಾಟಿಸುತ್ತದೆ. ಉಳಿದ ದಾರಿಯನ್ನು ದೇಹವು ದಿನಕ್ಕೊಂದು ಗಂಟೆಯಂತೆ ತಾನೇ ನಡೆದು ಮುಗಿಸಬೇಕು. ಟಿಕೆಟು ಕೊಳ್ಳುವಾಗ ಆ ದಿನಗಳನ್ನೂ ಪ್ರಯಾಣದ ಲೆಕ್ಕದಲ್ಲಿ ಸೇರಿಸಿಕೊಂಡ ಕುಟುಂಬದಲ್ಲಿ ಅಜ್ಜಿ ತಾತಂದಿರು ಮೊಮ್ಮಕ್ಕಳೊಡನೆ ಕಳೆಯುವ ಉಳಿದ ದಿನಗಳು ಆರೋಗ್ಯದಿಂದಲೂ ಸಂತೋಷದಿಂದಲೂ ಕೂಡಿರುತ್ತವೆ.